ಹೆಸರು, ಇಸವಿ ಸಾಕು ಮಾಡಿ. ಕುಕ್ಕರ್ ಬಿಚ್ಚಿ ತೋರಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯ ಮಕ್ಕಳ ಪುಟದಲ್ಲಿ ಆಗಾಗ ಒಂದು ಪಟ್ಟಿ ಬರುತ್ತದೆ. ಎಡಗಡೆ ವಸ್ತು, ಬಲಗಡೆ ಕಂಡುಹಿಡಿದವರ ಹೆಸರು, ಪಕ್ಕದಲ್ಲಿ ಇಸವಿ. ಬಲ್ಬು, ಎಡಿಸನ್, 1879. ಟೆಲಿಫೋನ್, ಗ್ರಹಾಂ ಬೆಲ್, 1876. ಬಿತ್ತನೆ ಯಂತ್ರ, ಜೆಥ್ರೊ ಟಲ್, 1701. ಮೂಲೆಯಲ್ಲಿ ಗಡ್ಡದ ಅಜ್ಜನ ಒಂದು ಚಿತ್ರ. ಮುಗೀತು. ಈ ಪಟ್ಟಿಯ ಬಗ್ಗೆ ನನಗೆ ತಕರಾರಿದೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ಹಾಕುವುದಾದರೆ ಕುಕ್ಕರಿನ ಭಾಗಕ್ಕೆ ಮಾತ್ರ ಹಾಕಬೇಡಿ.

ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಊರಿನ ಗ್ರಂಥಾಲಯ, ನೋಡಿಕೊಳ್ಳುವವಳು. ಶಾಲೆ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ, ಪೇಪರ್ ಹರಡಿಕೊಂಡು ಕೂರುತ್ತಾರೆ, ನಿಮ್ಮ ಪಟ್ಟಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಕ್ವಿಜ್‌ಗೆ ಬೇಕಲ್ಲ. ಏಳನೇ ಕ್ಲಾಸಿನ ಒಬ್ಬ ಹುಡುಗ ಇಡೀ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದ. "ಸರಿ ಕಣೋ, ಬಲ್ಬಿನ ಒಳಗೆ ಏನಿರುತ್ತೆ?" ಅಂದೆ. "ಕರೆಂಟು ಮೇಡಂ" ಅಂದ.

ಅವನನ್ನು ಬೈದು ಪ್ರಯೋಜನ ಇಲ್ಲ. ಅವನ ಮನೆಯಲ್ಲಿರುವುದೆಲ್ಲ ಎಲ್‌ಇಡಿ. ಒಳಗೆ ತಂತಿ ಕೆಂಪಗೆ ಕಾಯುವ ಹಳೇ ಬಲ್ಬನ್ನು ಅವನು ನೋಡಿಯೇ ಇಲ್ಲ. ಅಂದರೆ ನಿಮ್ಮ ಪಟ್ಟಿಯ ಬಲ್ಬು ಅವನ ಮನೆಯಲ್ಲಿಲ್ಲ, ಅವನ ಮನೆಯ ಬಲ್ಬು ನಿಮ್ಮ ಪಟ್ಟಿಯಲ್ಲಿಲ್ಲ. ಕೆಂಪು ಬೆಳಕಿನ ಎಲ್‌ಇಡಿ 1962ರಲ್ಲೇ ಬಂದಿತ್ತು, ಬಿಳಿ ಬೆಳಕು ಬೇಕೆಂದರೆ ನೀಲಿ ಎಲ್‌ಇಡಿ ಬೇಕಿತ್ತು, ಅದು ಎಷ್ಟೋ ವರ್ಷ ಯಾರ ಕೈಗೂ ಹತ್ತಲಿಲ್ಲ, ಕೊನೆಗೆ ಜಪಾನಿನ ಅಕಸಾಕಿ, ಅಮಾನೊ, ನಕಮುರ ಅದನ್ನು ಸಾಧಿಸಿದರು, 2014ರಲ್ಲಿ ನೊಬೆಲ್ ಬಂತು. ಇದನ್ನು ಯಾವ ಮಕ್ಕಳ ಪುಟವೂ ಹೇಳುವುದಿಲ್ಲ. ಯಾಕೆ? ಅವರಿಗೆ ಗಡ್ಡ ಇಲ್ಲ ಅಂತಲೋ ಏನೋ.

ಇನ್ನು ಎಡಿಸನ್. ದೊಡ್ಡ ಮನುಷ್ಯ, ಬೇಡ ಅನ್ನುತ್ತಿಲ್ಲ. ಆದರೆ "ಬಲ್ಬು ಕಂಡುಹಿಡಿದವ" ಅಂತ ಒಂದೇ ಸಾಲಿನಲ್ಲಿ ಬರೆದರೆ ಅವನ ನಿಜವಾದ ಕೆಲಸವೇ ಮುಚ್ಚಿಹೋಗುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜೋಸೆಫ್ ಸ್ವಾನ್ ಎಂಬಾತ 1879ರ ಫೆಬ್ರುವರಿಯಲ್ಲೇ ಬಲ್ಬು ಉರಿಸಿ ತೋರಿಸಿದ್ದ. ಎಡಿಸನ್ನನ ತಂಡಕ್ಕೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಟ್ಟು ಕರಿ ಮಾಡಿದ ಹತ್ತಿಯ ದಾರದಿಂದ ಗಂಟೆಗಟ್ಟಲೆ ಬೆಳಕು ಸಿಕ್ಕಿತು. ಆಮೇಲೆ ದಾರ ಬಿಟ್ಟು ಬಿದಿರಿಗೆ ಬಂದರು, ಜಪಾನಿನಿಂದ ಬಿದಿರು ತರಿಸಿದರು, ಸಾವಿರ ಗಂಟೆ ದಾಟುವ ಬಲ್ಬು ಮಾಡಿದರು. ಕೊನೆಗೆ 1883ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರ ಕಂಪನಿಗಳೂ ಸೇರಿ ಒಂದಾದವು, ಹೆಸರೇ ಎಡಿಸ್ವಾನ್. ಎಡಿಸನ್ನನ ದೊಡ್ಡಸ್ತಿಕೆ ಇರುವುದು ಬಲ್ಬಿನ ಆಚೆ. 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ಕರೆಂಟು ಹುಟ್ಟಿಸುವ ಯಂತ್ರ, ನೆಲದಡಿಯ ತಂತಿ, ಮೀಟರು, ಎಲ್ಲ ಕೂಡಿಸಿ ಬೀದಿಗೇ ಬೆಳಕು ಕೊಟ್ಟನಲ್ಲ, ಅದು. ಹೀಗೆ ಹೇಳಿದರೆ ಮಗುವಿಗೆ ಮುಂದಿನ ಪ್ರಶ್ನೆ ತಾನಾಗೇ ಬರುತ್ತದೆ: ನಮ್ಮೂರಿಗೆ ಕರೆಂಟು ಎಲ್ಲಿಂದ ಬಂತು? ಆಗ ಶಿವನಸಮುದ್ರಕ್ಕೆ ಹೋಗಬಹುದು. 1902ರಲ್ಲಿ ಅಲ್ಲಿಂದ ಸುಮಾರು 92 ಮೈಲಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟರು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. ಗಣಿಗೆ ಮೊದಲು, ಊರಿಗೆ ಆಮೇಲೆ. ಇದನ್ನು ಕೇಳಿದ ಮಕ್ಕಳು ತಕ್ಷಣ "ಯಾಕೆ ಮೇಡಂ ಗಣಿಗೆ ಮೊದಲು?" ಅಂತಾರೆ. ಇಂಥ ಪ್ರಶ್ನೆ ಹುಟ್ಟಿಸದ ಪಟ್ಟಿ ಇದ್ದರೆಷ್ಟು, ಬಿಟ್ಟರೆಷ್ಟು?

ಈಗ ಜೆಥ್ರೊ ಟಲ್ ವಿಷಯ. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿದ ಸಾಲು. ಬಿತ್ತನೆ ಯಂತ್ರವನ್ನು 1701ರಲ್ಲಿ ಇಂಗ್ಲೆಂಡಿನ ಟಲ್ ಕಂಡುಹಿಡಿದ ಅಂತ ನಮ್ಮ ರಾಗಿ ಸೀಮೆಯ ಮಗು ಓದಬೇಕು. ಅದೇ ಮಗುವಿನ ಮನೆಯ ಅಟ್ಟದ ಮೇಲೆ ಕೂರಿಗೆ ಬಿದ್ದಿರುತ್ತದೆ. ಮರದ ಬಟ್ಟಲು, ಅದರ ತಳದಲ್ಲಿ ತೂತುಗಳು, ಒಂದೊಂದು ತೂತಿಗೂ ಒಂದು ಬಿದಿರಿನ ಕೊಳವೆ, ಕೊಳವೆ ಕೆಳಗೆ ನೆಲ ಸೀಳುವ ಮೊನೆ. ಎತ್ತು ಎಳೆಯುತ್ತದೆ, ಬಿತ್ತುವವರು ಬಟ್ಟಲಿಗೆ ಕೈಯಿಂದ ಕಾಳು ಬಿಡುತ್ತಾ ಹೋಗುತ್ತಾರೆ, ಎಲ್ಲ ಸಾಲಿಗೂ ಸಮನಾಗಿ ಬೀಳುತ್ತದೆ. ಅಕ್ಕಡಿ ಸಾಲಿಗೆ, ಅಂದರೆ ರಾಗಿಯ ನಡುವಿನ ಬೇರೆ ಬೆಳೆಯ ಸಾಲಿಗೆ, ಅವರೆ ಹಾಕಬೇಕೆಂದರೆ ಹಿಂದೆ ಒಂಟಿ ಕೊಳವೆಯ ಸಡ್ಡೆ ಕಟ್ಟುತ್ತಾರೆ. ಬೆರಳ ಸಂದಿಯಿಂದ ಕಾಳು ಎಷ್ಟು ವೇಗವಾಗಿ ಬಿಡಬೇಕು ಅನ್ನುವುದೇ ಒಂದು ವಿದ್ಯೆ, ಎಲ್ಲರಿಗೂ ಒಲಿಯುವುದಿಲ್ಲ. 1790ರ ದಶಕದಲ್ಲಿ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿ ತೆಲುಗು ಸೀಮೆಯಲ್ಲಿ ಇಂಥದ್ದೇ ಕೂರಿಗೆ ನೋಡಿ, ಇದು ಯೂರೋಪಿನ ಹೊಸ ಕಾಲದ ಉಪಕರಣ ಅಂದುಕೊಂಡಿದ್ದೆ, ಇಲ್ಲಿ ನೋಡಿದರೆ ಮೊದಲಿನಿಂದಲೇ ಇದೆಯಲ್ಲ ಅನ್ನುವ ಅರ್ಥದಲ್ಲಿ ಲಂಡನ್ನಿಗೆ ಬರೆದು ಕಳಿಸಿದ್ದ. ಅವನಿಗೆ ಆಗಲೇ ಗೊತ್ತಾಗಿದ್ದು ನಮಗೆ ಇನ್ನೂ ಗೊತ್ತಾಗಿಲ್ಲ ನೋಡಿ.

ಹಾಗಂತ ಟಲ್‌ನನ್ನು ಕಿತ್ತುಹಾಕಿ ಅನ್ನುವುದಿಲ್ಲ. ಅವನ ಕಥೆಯೂ ಚೆನ್ನಾಗಿದೆ. ಲಾ ಓದಿದವನು, ಆರ್ಗನ್ ವಾದ್ಯ ಬಲ್ಲವನು. ಆರ್ಗನ್ನಿನ ಒಳಗಿನ ಒಂದು ಭಾಗ ನೋಡಿಯೇ ಬೀಜ ಅಳತೆಯಲ್ಲಿ ಬೀಳುವ ಹಾಗೆ ಮಾಡುವ ಉಪಾಯ ಹೊಳೆಯಿತು ಅಂತ ಅವನೇ ಬರೆದುಕೊಂಡಿದ್ದಾನೆ. ನಮ್ಮ ಕೂರಿಗೆಯಲ್ಲಿ ಆ ಅಳತೆ ಕೈಯಲ್ಲಿತ್ತು, ಅವನು ಅದನ್ನು ಯಂತ್ರಕ್ಕೆ ದಾಟಿಸಿದ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ ಸ್ವಾಮಿ, ಮಕ್ಕಳು ತಾವೇ ವ್ಯತ್ಯಾಸ ಹುಡುಕುತ್ತಾರೆ.

ಅಲ್ಲಿಂದ ಸೀದಾ ಅಣ್ಣಿಗೇರಿಗೆ ಬರಬಹುದು. ಧಾರವಾಡ ಜಿಲ್ಲೆಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಬಗ್ಗೆ ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಟ್ರ್ಯಾಕ್ಟರಿಗೆ ಕಟ್ಟುವ ಬೀಜ ಗೊಬ್ಬರದ ಕೂರಿಗೆ ಮಾಡಿದವರು. ನೀರಿಲ್ಲದ ನೆಲದಲ್ಲಿ ಬೇರೆ ಬೆಳೆ ಕೈಕೊಟ್ಟಾಗ ಹುಣಸೆ ಹಾಕಿದರು, ಹುಣಸೆಹಣ್ಣಿನಿಂದ ಬೀಜ ಬಿಡಿಸುವುದು ದೊಡ್ಡ ರೇಜಿಗೆ ಅನ್ನಿಸಿತು, ಅದಕ್ಕೊಂದು ಯಂತ್ರ ಮಾಡಿದರು. ಹುಣಸೆ ಕುಟ್ಟಿ ಬೀಜ ತೆಗೆದು ಕೈ ಒಡೆದುಕೊಂಡ ಹೆಂಗಸರು ಇರುವ ನಮ್ಮ ಜಿಲ್ಲೆಯಲ್ಲಿ ಇದನ್ನು ವಿವರಿಸಿ ಹೇಳಬೇಕಾಗೇ ಇಲ್ಲ. 2022ರಲ್ಲಿ ಪದ್ಮಶ್ರೀ ಬಂತು. ಆದರೆ ಮಕ್ಕಳಿಗೆ ಹಿಡಿಸುವುದು ಪದ್ಮಶ್ರೀ ಅಲ್ಲ, ಅಲಾರಾಂ. ಹುಡುಗನಾಗಿದ್ದಾಗ ಅವರಿಗೆ ಬೆಳಗ್ಗೆ ಎಚ್ಚರವೇ ಆಗುತ್ತಿರಲಿಲ್ಲವಂತೆ. ಅಲಾರಾಂ ಗಡಿಯಾರದ ಕೀಲಿಗೆ ಒಂದು ದಾರ ಕಟ್ಟಿದರು, ದಾರದ ಇನ್ನೊಂದು ತುದಿ ನೀರಿನ ಬಾಟಲಿಗೆ. ಅಲಾರಾಂ ಹೊಡೆದಾಗ ಕೀಲಿ ತಿರುಗುತ್ತದಲ್ಲ, ದಾರ ಸುತ್ತಿಕೊಂಡು ಬಾಟಲಿ ವಾಲಿ ನೀರು ಮುಖದ ಮೇಲೆ! ಇದನ್ನು ಹೇಳಿದ ದಿನ ನಮ್ಮ ಕೇಂದ್ರದಲ್ಲಿ ನಕ್ಕಿದ್ದೇ ನಕ್ಕಿದ್ದು. ಮಾರನೇ ದಿನ ಒಬ್ಬಳು ಹುಡುಗಿ ಕೇಳಿದಳು, "ಮೇಡಂ, ಮೊಬೈಲ್ ಅಲಾರಾಂಗೆ ಕೀಲಿ ಇಲ್ಲವಲ್ಲ, ಆಗ ಹೆಂಗೆ ಮಾಡೋದು?" ವೈಬ್ರೇಟ್ ಆದಾಗ ಫೋನು ಜಾರಿ ಬಾಟಲಿಗೆ ಬಡಿಯುವ ಹಾಗೆ ಇಡಬಹುದು ಅಂತ ಇನ್ನೊಬ್ಬ. ಫೋನಿನ ಗತಿ ಏನು ಅಂತ ಮತ್ತೊಬ್ಬ. ಅರ್ಧ ಗಂಟೆ ಜಗಳ. ನನಗೆ ಇದಕ್ಕಿಂತ ಒಳ್ಳೇ ವಿಜ್ಞಾನದ ಪಾಠ ಮಾಡಲು ಬರುವುದಿಲ್ಲ.

ಈಗ ಕುಕ್ಕರ್. ಎಲ್ಲ ಮನೆಯಲ್ಲೂ ಇದೆ, ದಿನಾ ಕೂಗುತ್ತದೆ, ಅದನ್ನು ಯಾರು ಮಾಡಿದರು ಅಂತ ಕೇಳಿದರೆ ಕಂಪನಿ ಹೆಸರು ಹೇಳುತ್ತೇವೆ. ನಮ್ಮ ದೇಶದಲ್ಲಿ 1959ರ ಹೊತ್ತಿಗೆ ಪ್ರೆಸ್ಟೀಜ್, ಹಾಕಿನ್ಸ್ ಬಂದವು, ಸರಿ. ಆದರೆ ಮೂಲ ಹುಡುಕಿಕೊಂಡು ಹೋದರೆ 1679ಕ್ಕೆ ಹೋಗಿ ನಿಲ್ಲುತ್ತೀರಿ. ಡೆನಿಸ್ ಪಾಪೆ ಅಂತ ಒಬ್ಬ ಫ್ರೆಂಚ್ ಮನುಷ್ಯ, ವೈದ್ಯಕೀಯ ಓದಿದವನು, ಲಂಡನ್ನಿನ ರಾಯಲ್ ಸೊಸೈಟಿಯವರ ಮುಂದೆ ಒಂದು ದಪ್ಪ ಕಬ್ಬಿಣದ ಪಾತ್ರೆ ಇಟ್ಟ. ಮುಚ್ಚಳ ಸ್ಕ್ರೂ ಹಾಕಿ ಬಿಗಿದದ್ದು. ಒಳಗೆ ಮೂಳೆ, ನೀರು. ಬಡವರು ಬಿಸಾಡುವ ಮೂಳೆಯಿಂದಲೂ ಸತ್ವ ತೆಗೆಯಬಹುದು ಅನ್ನುವುದು ಅವನ ಲೆಕ್ಕ. 1682ರಲ್ಲಿ ಅದರಲ್ಲೇ ಬೇಯಿಸಿ ಸೊಸೈಟಿಯವರಿಗೆ ಊಟ ಹಾಕಿಸಿದ, ಗಟ್ಟಿ ಮೂಳೆಯೂ ಚೀಸ್‌ನಷ್ಟು ಮೆತ್ತಗಾಗಿತ್ತು ಅಂತ ಉಂಡವರು ಬರೆದಿಟ್ಟಿದ್ದಾರೆ.

ಹೇಗೆ? ಇಲ್ಲೇ ಮಕ್ಕಳನ್ನು ಹಿಡಿಯಬೇಕು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ ಅಂತ ಪಠ್ಯದಲ್ಲಿದೆ. ನಮ್ಮಂಥ ಎತ್ತರದ ಸೀಮೆಯಲ್ಲಿ ಅಷ್ಟೂ ಏರುವುದಿಲ್ಲ, 97ರ ಹತ್ತಿರ ಕುದಿ ಬರುತ್ತದೆ. ಉರಿ ಎಷ್ಟು ಜಾಸ್ತಿ ಮಾಡಿದರೂ ಅಷ್ಟೇ, ಆವಿ ಹೋಗುತ್ತದೆ, ಬಿಸಿ ಏರುವುದಿಲ್ಲ. ಬಾಯಿ ಕಟ್ಟಿ ಆವಿಯನ್ನು ಒಳಗೇ ಕೂಡಿಹಾಕಿದರೆ ಒತ್ತಡ ಏರುತ್ತದೆ, ಒತ್ತಡ ಏರಿದರೆ ನೀರು ಬೇಗ ಕುದಿಯಲೊಲ್ಲದು, ಬಿಸಿ 120 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ತೊಗರಿಬೇಳೆ ಹತ್ತು ನಿಮಿಷದಲ್ಲಿ ಕರಗುವುದು ಅದಕ್ಕೇ. ಪಾಪೆಗೆ ಬಂದ ತೊಂದರೆ ಅಂದರೆ ಪಾತ್ರೆ ಸಿಡಿಯುವುದು. ಅದಕ್ಕೆ ಅವನು ಮುಚ್ಚಳಕ್ಕೆ ಒಂದು ತೂತು ಕೊರೆದು, ತೂತಿಗೆ ಬಿರಡೆ ಇಟ್ಟು, ಬಿರಡೆ ಮೇಲೆ ತೂಕ ಹೇರಿದ. ಆವಿಯ ಒತ್ತಡ ತೂಕವನ್ನು ಮೀರಿದರೆ ಬಿರಡೆ ಎದ್ದು ಆವಿ ಹೊರಗೆ, ಇಳಿದರೆ ಮತ್ತೆ ಕೂತುಕೊಳ್ಳುತ್ತದೆ. ನಾವು ವಿಷಲ್ ಅಂತೀವಲ್ಲ, ಅದು ಇದೇ! ಅದು ಸುಮ್ನೆ ಕೂಗಲು ಇಟ್ಟದ್ದಲ್ಲ, ತೂಕದ ಬಟ್ಟು. ಕೈಯಲ್ಲಿ ಹಿಡಿದು ನೋಡಿ, ಗಾತ್ರಕ್ಕೆ ಎಷ್ಟು ಭಾರ ಇದೆ.

ಈ ಎದ್ದು ಕೂರುವ ಬಿರಡೆಯ ಹಿಂದೆ ಇನ್ನೂ ದೊಡ್ಡ ವಿಷಯ ಇದೆ. ಆವಿ ತೂಕ ಎತ್ತುತ್ತದೆ ಅಂದಮೇಲೆ ಆವಿಯಿಂದ ಕೆಲಸ ಮಾಡಿಸಬಹುದಲ್ಲ? 1690ರಲ್ಲಿ ಪಾಪೆ ಕೊಳವೆಯೊಳಗೆ ಆಡುವ ಪಿಸ್ಟನ್ನಿನ ಮಾದರಿ ಮಾಡಿದ. 1712ರಲ್ಲಿ ಇಂಗ್ಲೆಂಡಿನ ನ್ಯೂಕಮನ್ ಆವಿಯಿಂದಲೇ ಗಣಿಯ ನೀರೆತ್ತುವ ಎಂಜಿನ್ ಓಡಿಸಿದ. ಜೇಮ್ಸ್ ವ್ಯಾಟ್ ಬಂದದ್ದು ಅದೂ ಆದ ಎಷ್ಟೋ ವರ್ಷಕ್ಕೆ. ಟೀ ಕೆಟಲ್ ಮುಚ್ಚಳ ಕುಣಿಯುವುದನ್ನು ನೋಡಿ ವ್ಯಾಟ್‌ಗೆ ಆವಿಯಂತ್ರ ಹೊಳೆಯಿತು ಅನ್ನುವ ಕಥೆಯನ್ನು ದಯವಿಟ್ಟು ಇನ್ನು ಮೇಲೆ ಹಾಕಬೇಡಿ. ನ್ಯೂಕಮನ್ ಎಂಜಿನ್ನಿನ ಮಾದರಿ ಒಂದು ರಿಪೇರಿಗೆ ಬಂದಾಗ, ಇದು ಇಷ್ಟೊಂದು ಆವಿ ಯಾಕೆ ತಿನ್ನುತ್ತದೆ ಅಂತ ತಲೆಕೆಡಿಸಿಕೊಂಡವನು ಅವನು. ರಿಪೇರಿ ಅಂಗಡಿಯ ಕಥೆ ಕೆಟಲ್ ಕಥೆಗಿಂತ ಚೆನ್ನಾಗಿಲ್ವಾ? ಪಾಪೆ ಮಾತ್ರ ಲಂಡನ್ನಿನಲ್ಲಿ ಕೈಯಲ್ಲಿ ಕಾಸಿಲ್ಲದೆ, ಯಾರಿಗೂ ಬೇಡವಾಗಿ ಸತ್ತ. ಇದನ್ನೂ ಹೇಳಿ. ಮಕ್ಕಳಿಗೆ ತಡೆದುಕೊಳ್ಳುವ ಶಕ್ತಿ ಇದೆ.

ಕುಕ್ಕರಿನ ಬಗ್ಗೆ ಒಂದು ಪುಟ ಮಾಡಿ ಅಂದರೆ ನಾನು ಕೇಳುವುದು ಹೀಗೆ: ಅಡ್ಡಕ್ಕೆ ಕೊಯ್ದು ತೋರಿಸಿದ ಒಂದು ದೊಡ್ಡ ಚಿತ್ರ. ಗ್ಯಾಸ್ಕೆಟ್ ಎಲ್ಲಿ ಕೂರುತ್ತದೆ, ಯಾಕೆ ಹಳಸಿದರೆ ಸೋರುತ್ತದೆ. ಮುಚ್ಚಳದಲ್ಲಿರುವ ಸೇಫ್ಟಿ ವಾಲ್ವಿನ ಒಳಗಿನ ಲೋಹ ನೀರು ಬತ್ತಿದರೆ ಯಾಕೆ ಕರಗುತ್ತದೆ. ಆಮೇಲೆ ಪಾಪೆ. ವಸ್ತು ಮೊದಲು, ಮನುಷ್ಯ ಆಮೇಲೆ. ಈಗ ನೀವು ಮಾಡುತ್ತಿರುವುದು ಉಲ್ಟಾ: ಬಾಲ್ಯದಲ್ಲಿ ಬಡತನ, ಬೀದಿದೀಪದ ಕೆಳಗೆ ಓದು, ಛಲ ಬಿಡದ ಸಾಧನೆ. ಎಲ್ಲ ವಿಜ್ಞಾನಿಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರ ಹಾಗೆ ಕಾಣುತ್ತಾರೆ. ನಮ್ಮ ವಿಶ್ವೇಶ್ವರಯ್ಯನವರ ಗತಿಯೂ ಅದೇ. ಪ್ರತಿ ಸೆಪ್ಟೆಂಬರ್ 15ಕ್ಕೆ ಪೇಟದ ಫೋಟೊ, ಶಿಸ್ತಿನ ನಾಲ್ಕು ಕಥೆ. ಅವರು ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಹಾಕಿಸಿದ ಸ್ವಯಂಚಾಲಿತ ಗೇಟು ಹೇಗೆ ಕೆಲಸ ಮಾಡುತ್ತದೆ, ಕೆರೆ ತುಂಬಿದಾಗ ಯಾರೂ ಮುಟ್ಟದೆ ತಾನೇ ತೆರೆದು, ನೀರಿನ ಮಟ್ಟ ಇಳಿದಾಗ ತಾನೇ ಹೇಗೆ ಮುಚ್ಚಿಕೊಳ್ಳುತ್ತದೆ ಅಂತ ಚಿತ್ರ ಬರೆದು ತೋರಿಸಿದ ಮಕ್ಕಳ ಪುಟ ನನ್ನ ಕಣ್ಣಿಗೆ ಬಿದ್ದಿಲ್ಲ. ಕೋಡಿ ಬೀಳುವ ಕೆರೆ ನೋಡಿದ ಮಗುವಿಗೆ ಇದು ಅರ್ಥವಾಗಲು ಎಷ್ಟು ಹೊತ್ತು ಬೇಕು?

ಹತ್ತಿರದ ಸಂಗತಿಗಳು ಬೇಕಾದಷ್ಟಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗ 1974ರಲ್ಲಿ ಶುರುವಾಯಿತು, ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡುವುದೇ ಅದರ ಕೆಲಸ. ಅಲ್ಲಿಂದ ಬಂದ ಅಸ್ತ್ರ ಒಲೆ ನಮ್ಮ ಕಡೆ ಕೆಲವು ಮನೆಗಳ ಹಿತ್ತಲಲ್ಲಿ ಇನ್ನೂ ಇದೆ. ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆ ಕೊಳವೆಯಲ್ಲಿ ಆಚೆ, ಸೌದೆ ಕಮ್ಮಿ. ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ 1962ರ ಚುನಾವಣೆಯಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದೆ, ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ, ಬೆಳಕು ಬಿದ್ದರೆ ಕಪ್ಪಾಗುತ್ತದೆ. ಅಪ್ಪ ಅಮ್ಮ ಬೆರಳು ತೋರಿಸಿ ಸೆಲ್ಫಿ ಹಾಕುತ್ತಾರಲ್ಲ, ಆ ವಾರ ಇದನ್ನು ಹಾಕಿ.

ಮತ್ತೆ ಈ ಪತ್ರವನ್ನೇ ತೆಗೆದುಕೊಳ್ಳಿ, ನಾನು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೇನೆ. ಕೆ ಒತ್ತಿ, ಎಫ್ ಒತ್ತಿ, ಮತ್ತೆ ಕೆ ಒತ್ತಿದರೆ ಒತ್ತಕ್ಷರ ತಾನಾಗೇ ಮೂಡುತ್ತದೆ. ಕನ್ನಡದ ಕಾಗುಣಿತ, ಒತ್ತು ಎಲ್ಲ ಸೇರಿ ಸಾವಿರಾರು ಆಕಾರ, ಕೀಲಿಮಣೆಯಲ್ಲಿ ಇರುವುದು ಕೈಬೆರಳೆಣಿಕೆಯ ಸಾಲು. ಉಚ್ಚರಿಸುವ ಕ್ರಮದಲ್ಲಿ ಒತ್ತಿದರೆ ಸಾಕು, ಆಕಾರ ಕೂಡಿಸುವುದು ಯಂತ್ರದ ಕೆಲಸ ಅನ್ನುವ ಉಪಾಯವನ್ನು ಕೀಲಿಮಣೆಗೆ ಇಳಿಸಿದವರು ಕಿನ್ನಿಕಂಬಳದ ಕೆ.ಪಿ. ರಾವ್. ನಿಮ್ಮ ಕಚೇರಿಯಲ್ಲೂ ಆ ವಿನ್ಯಾಸದಲ್ಲಿ ಟೈಪ್ ಮಾಡುವವರು ಇದ್ದೇ ಇರುತ್ತಾರೆ. ಅವರ ಹೆಸರು ಪಟ್ಟಿಯಲ್ಲಿ ಯಾವತ್ತಾದರೂ ಬಂದಿದೆಯೇ?

ಸೋತ ಕಥೆಗಳೂ ಬರಲಿ. ನಮ್ಮ ಬೆಂಗಳೂರಿನಲ್ಲೇ ಸ್ಮಾರ್ಟ್‌ಫೋನು ಬರುವ ಮುಂಚೆ ಸಿಂಪ್ಯೂಟರ್ ಅಂತ ಕೈಯಲ್ಲಿ ಹಿಡಿಯುವ ಅಗ್ಗದ ಕಂಪ್ಯೂಟರ್ ಮಾಡಿದ್ದರು, ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುವಂಥದ್ದು. ಅಂದುಕೊಂಡಷ್ಟು ಮಾರಾಟ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಮಕ್ಕಳೇ ವಾದ ಮಾಡಲಿ. ಅಮೆರಿಕದ ಮೇರಿ ಆ್ಯಂಡರ್‌ಸನ್ ಅನ್ನುವ ಹೆಂಗಸು ನ್ಯೂಯಾರ್ಕಿನ ಟ್ರಾಮಿನಲ್ಲಿ ಕೂತಿದ್ದಾಗ, ಹಿಮ ಬಿದ್ದು ಗಾಜು ಮುಚ್ಚಿ ಡ್ರೈವರ್ ಪಡುತ್ತಿದ್ದ ಪಾಡು ನೋಡಿ, ಒಳಗಿನಿಂದಲೇ ಹಿಡಿ ಎಳೆದು ಗಾಜು ಒರೆಸುವ ವೈಪರ್‌ಗೆ 1903ರಲ್ಲಿ ಪೇಟೆಂಟ್ ಪಡೆದಳು. ಇದರಿಂದ ಲಾಭ ಇಲ್ಲ ಅಂತ ಕಂಪನಿಯವರು ವಾಪಸ್ ಕಳಿಸಿದರು. ಅವಳಿಗೆ ಕಾಸೂ ಸಿಗಲಿಲ್ಲ. ನಮ್ಮ ಹುಡುಗಿಯರಿಗೆ ಮೇರಿ ಕ್ಯೂರಿ ಒಬ್ಬಳೇ ಗೊತ್ತು, ಈ ಮೇರಿಯೂ ಗೊತ್ತಿರಲಿ. ಮಳೆಗಾಲದಲ್ಲಿ ಬಸ್ಸಿನ ಮುಂದಿನ ಸೀಟಿಗೆ ಜಗಳ ಆಡುವವರು ಅವರೇ.

ಇನ್ನೊಂದು ಮಾತು, ಖಾರ ಅನ್ನಿಸಿದರೂ ಹೇಳಿಬಿಡುತ್ತೇನೆ. ವಿದೇಶಿಯರ ಪಟ್ಟಿ ಬೇಡ ಅಂದ ಕೂಡಲೇ ಕೆಲವರು ಇನ್ನೊಂದು ತುದಿಗೆ ಹಾರುತ್ತಾರೆ: ವಿಮಾನ ನಮ್ಮಲ್ಲಿ ಆಗಲೇ ಇತ್ತು, ಶಾಸ್ತ್ರದಲ್ಲಿ ಬರೆದಿದೆ ಅಂತ. ಆ ವೈಮಾನಿಕ ಶಾಸ್ತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೇ 1974ರಲ್ಲಿ ಕೂತು ಪರೀಕ್ಷಿಸಿದರು. ಆ ಪಠ್ಯ 1904ಕ್ಕಿಂತ ಹಿಂದಿನದಲ್ಲ, ಅದರಲ್ಲಿರುವ ಯಾವ ವಿಮಾನವೂ ಹಾರುವಂಥದ್ದಲ್ಲ ಅಂತ ಬರೆದರು. ನಮ್ಮ ಕೂರಿಗೆ ನಿಜ, ಮುಟ್ಟಿ ನೋಡಬಹುದು, ಈಗಲೂ ಬಿತ್ತುತ್ತದೆ. ಹೆಮ್ಮೆಪಡಲು ಅಷ್ಟು ಸಾಲದೇ? ಮಕ್ಕಳ ಪುಟಕ್ಕೆ ಬರುವ ಇಂಥ ಬರಹಗಳನ್ನು ಅಚ್ಚಿಗೆ ಕಳಿಸುವ ಮುಂಚೆ ಒಬ್ಬ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.

ಖರ್ಚು ಜಾಸ್ತಿ ಆಗುತ್ತದೆ, ಚಿತ್ರ ಬರೆಯುವವರು ಸಿಗುವುದಿಲ್ಲ ಅಂತ ನೀವು ಅನ್ನಬಹುದು. ವಾರ ವಾರ ಬೇಡ, ತಿಂಗಳಿಗೆ ಒಂದು ಸಾಕು. ಒಂದು ವಸ್ತು, ಒಂದು ಬಿಚ್ಚಿದ ಚಿತ್ರ, ಅದು ಬರುವ ಮುಂಚೆ ಜನ ಏನು ಮಾಡುತ್ತಿದ್ದರು, ಯಾರು ಯಾರು ಕೈ ಹಾಕಿದರು, ಎಲ್ಲಿ ಕೆಟ್ಟಿತು, ಯಾರು ಸರಿ ಮಾಡಿದರು. ಸೈಕಲ್ ಶಾಪಿನವರನ್ನು, ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡುವವರನ್ನು ಮಾತಾಡಿಸಿ, ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಎಂಜಿನ್‌ಗಳಿಗೇ ಒಂದು ಹಾಲ್ ಇದೆ, ಅಲ್ಲಿಗೆ ಹೋಗಲಾರದ ಮಕ್ಕಳಿಗಾಗಿ ಅಲ್ಲಿಂದ ಫೋಟೊ ತೆಗೆದು ಹಾಕಿ. ಕೊನೆಯಲ್ಲಿ ಉತ್ತರ ಇಲ್ಲದ ಒಂದು ಪ್ರಶ್ನೆ ಇರಲಿ. ಉದಾಹರಣೆಗೆ, ಹುಣಸೆಬೀಜ ತೆಗೆಯುವ ಯಂತ್ರ ನೀನು ಮಾಡಿದರೆ ಹೇಗೆ ಮಾಡುತ್ತೀಯ, ಬರೆದು ಕಳಿಸು. ಬಂದ ಚಿತ್ರಗಳನ್ನು ಮುಂದಿನ ತಿಂಗಳು ಹಾಕಿ, ಬಹುಮಾನ ಗಿಹುಮಾನ ಏನೂ ಬೇಡ.

ಮೊದಲ ಸಂಚಿಕೆಗೆ ಕುಕ್ಕರ್ ಆಗದಿದ್ದರೆ ಕೂರಿಗೆ ಆಗಲಿ, ಮುಂಗಾರಿಗೆ ಸರಿಯಾಗಿ ಬರುತ್ತದೆ. ಜೆಥ್ರೊ ಟಲ್ ಸಾಲಿಗೆ ಒಂದು ತಿದ್ದುಪಡಿಯನ್ನೂ ಹಾಕಿ. ಚಿತ್ರ ಮಾತ್ರ ದೊಡ್ಡದಾಗಿರಲಿ, ನಮ್ಮ ಕೇಂದ್ರಕ್ಕೆ ಬರುವುದು ಒಂದೇ ಪ್ರತಿ, ಏಳೆಂಟು ತಲೆ ಒಟ್ಟಿಗೆ ಬಗ್ಗುತ್ತವೆ.

ಇಂತಿ,
ಗ್ರಂಥಾಲಯ ಮೇಲ್ವಿಚಾರಕಿ,
ತುಮಕೂರು ಜಿಲ್ಲೆ